ಕೆನೆಬಣ್ಣದ ಕೋಣೆ

ಕಾಜಾ ಅಜ್ಜಿಯ ಕೋಣೆಗೆ ಬಣ್ಣ ಹೊಡೆಸುವ ಮಾತು ಎದ್ದದ್ದು ಒಂದು ಭಾನುವಾರ ಬೆಳಿಗ್ಗೆ, ತಿಂಡಿಯ ಮೇಜಿನಲ್ಲಿ, ಬೇಯಿಸಿದ ಮೊಟ್ಟೆ ಸುಲಿಯುವ ಹೊತ್ತಿನಲ್ಲಿ. ಎತ್ತಿದವಳು ಸೊಸೆ.

"ಅತ್ತೆ, ನಿಮ್ಮ ರೂಮಿಗೆ ಬಂದ್ರೆ ನಂಗೆ ತಲೆ ಗಿರ್ ಅನ್ನುತ್ತೆ. ಗೋಡೆ ಹಸಿರು, ಬಾಗಿಲು ಕಡುಗಂದು, ಹೊದಿಕೆ ಕೆಂಪು, ಪರದೆ ನೀಲಿ. ಅದೇನು ರೂಮಾ, ಗುಂಡಿ ಡಬ್ಬಿನಾ?"

ಮಗ ನಕ್ಕ. ಐದು ವರ್ಷದ ಮೊಮ್ಮಗಳು ಚೂಟಿ ಏನೂ ಅರ್ಥವಾಗದೆ ಅಪ್ಪನಿಗಿಂತ ಜೋರಾಗಿ ನಕ್ಕಳು. ಅಜ್ಜಿಯೂ ನಕ್ಕಳು. ನಗದೆ ಇದ್ದರೆ ಮಾತು ಬೆಳೆಯುತ್ತದೆಂದು ಅವಳಿಗೆ ಗೊತ್ತು.

ಗುಂಡಿ ಡಬ್ಬಿಯ ಮಾತು ಸುಮ್ಮನೆ ಬಂದದ್ದಲ್ಲ. ಅಂಗಿಯಲ್ಲಿ ಗುಂಡಿ ತೂರಿಸುವ ಸೀಳಿಗೆ ದರ್ಜಿಗಳು ಕಾಜಾ ಎನ್ನುತ್ತಾರೆ. ಅದರ ಅಂಚನ್ನು ದಾರದಲ್ಲಿ ಒತ್ತಾಗಿ ಹೊಲಿಯದಿದ್ದರೆ ನಾಲ್ಕು ಒಗೆತಕ್ಕೆ ಅಂಗಿ ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ನಲವತ್ತು ವರ್ಷ ಅಂಗಡಿ ಅಂಗಡಿಗಳಿಗೆ ಕಾಜಾ ಹೊಲಿದುಕೊಟ್ಟು, ಗುಂಡಿ ಹಚ್ಚಿಕೊಟ್ಟು, ಗಂಡನಿಲ್ಲದ ಮನೆಯಲ್ಲಿ ಒಬ್ಬನೇ ಮಗನನ್ನು ಬೆಳೆಸಿ ಲಿಫ್ಟ್ ರಿಪೇರಿಯ ಕೆಲಸಕ್ಕೆ ಹಚ್ಚಿದವಳು ಅವಳು. ಮೊದಲು ಬೀದಿಗೆಲ್ಲ ಕಾಜಾ ಅಮ್ಮ ಆಗಿದ್ದಳು. ಚೂಟಿ ಹುಟ್ಟಿದ ಮೇಲೆ ಕಾಜಾ ಅಜ್ಜಿಯಾದಳು.

"ಈಗೇನಾಗಿದೆ ಅಂದ್ರೆ," ಸೊಸೆ ಮೊಟ್ಟೆ ಪಕ್ಕಕ್ಕಿಟ್ಟಳು, "ನಮ್ಮ ಅಂಗಡಿಯೋರು ಹೊಸ ಪುಸ್ತಕ ಮಾಡಿಸ್ತಿದ್ದಾರೆ, ಗಿರಾಕಿಗಳಿಗೆ ತೋರಿಸೋಕೆ. ಅದಕ್ಕೆ ನಿಜವಾದ ಒಂದು ಬೆಡ್‌ರೂಮಿನ ಫೋಟೋ ಬೇಕಂತೆ. ಗೋಡೆಯಿಂದ ದಿಂಬಿನ ತನಕ ಎಲ್ಲಾ ಒಂದೇ ತಿಳಿ ಬಣ್ಣ. ಈಗ ಬರೋರೆಲ್ಲ ಕೇಳೋದೇ ಅದನ್ನ. ಯಾರ ಮನೆ ರೂಮು ಒಪ್ಪುತ್ತೋ ಅವರನ್ನ ಗಿರಾಕಿಗಳ ಮನೆಗೆ ಕಳಿಸ್ತಾರೆ, ಸಲಹೆ ಕೊಡೋ ಕೆಲಸಕ್ಕೆ. ನಮ್ಮನೇಲಿ ಬೆಳಕು ಚೆನ್ನಾಗಿ ಬರೋದು ನಿಮ್ಮ ರೂಮಿಗೇ ಅತ್ತೆ."

ಸೊಸೆ ಏಳು ವರ್ಷದಿಂದ ಪರದೆ ಅಂಗಡಿಯ ಕಟಿಂಗ್ ಕೌಂಟರಿನಲ್ಲಿ ನಿಂತವಳು. ಸಂಜೆ ಬಂದು ಬಕೆಟ್ಟಿನ ಬಿಸಿನೀರಿಗೆ ಕಾಲಿಟ್ಟು ಕೂತಾಗ ಅವಳ ಮೀನಖಂಡ ಊದಿಕೊಂಡಿರುವುದನ್ನು ಅಜ್ಜಿ ಕೈಯಿಂದ ಮುಟ್ಟಿ ನೋಡಿದ್ದಳು. ಬೇಡ ಎನ್ನಲು ಬಾಯಿ ಬರಲಿಲ್ಲ. ಆದರೆ ಹೂಂ ಎನ್ನಲೂ ಭಯ.

ಯಾಕೆಂದರೆ ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. ಪೂರ್ತಿ ಕುರುಡಲ್ಲ. ಎರಡು ವರ್ಷದಿಂದ ವಸ್ತುಗಳ ಅಂಚು ಒಂದೊಂದಾಗಿ ಕರಗಿಹೋಗಿ, ಗಾಢ ಬಣ್ಣಗಳು ಮಾತ್ರ ಉಳಿದುಕೊಂಡಿದ್ದವು. ಕಡುಗಂದು ಕಂಡರೆ ಬಾಗಿಲು, ಕೆಂಪು ಕಂಡರೆ ಮಂಚ, ನೀಲಿ ಕಂಡರೆ ಕಿಟಕಿ. ಸೊಸೆಗೆ ತಲೆ ಗಿರ್ ಎನ್ನಿಸುತ್ತಿದ್ದ ಆ ಬಣ್ಣಗಳನ್ನು ಹಿಡಿದುಕೊಂಡೇ ಅವಳು ಮನೆಯಲ್ಲಿ ಓಡಾಡುತ್ತಿದ್ದಳು. ತಿಳಿ ಬಣ್ಣಗಳೆಲ್ಲ ಒಂದರೊಳಗೊಂದು ಸೇರಿಹೋಗುತ್ತಿದ್ದವು. ಬಿಳಿ ತಟ್ಟೆಯಲ್ಲಿ ಅನ್ನ ಹಾಕಿದರೆ ಅನ್ನವೇ ಕಾಣದು. ಅದಕ್ಕೇ ಹಳೆಯ ನೀಲಿ ತಟ್ಟೆಯೇ ಬೇಕೆಂದು ಹಟ ಹಿಡಿಯುತ್ತಿದ್ದಳು. ಮನೆಯವರು ಅದನ್ನು ಮುದುಕಿಯ ಚಾಳಿ ಎಂದುಕೊಂಡಿದ್ದರು.

ಯಾಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ಅವಳ ಅಕ್ಕನಿಗೂ ಹೀಗೇ ಕಣ್ಣು ಹೋಗಿತ್ತು. ಅಕ್ಕನ ಮನೆಯವರು ಯಾರೂ ಕೆಟ್ಟವರಾಗಿರಲಿಲ್ಲ, ಬಂದ ಕಷ್ಟವೇ ಅದು. ಅಕ್ಕ ಎದ್ದರೆ ಒಬ್ಬರು "ಕೂತ್ಕೋ" ಎನ್ನುವರು, ಲೋಟ ಹಿಡಿದರೆ ಇನ್ನೊಬ್ಬರು ಕಸಿದುಕೊಂಡು "ನೀನ್ಯಾಕೆ, ಕೂತ್ಕೋ" ಎನ್ನುವರು. ಬೆತ್ತದ ಕುರ್ಚಿಯಲ್ಲಿ ಹನ್ನೊಂದು ವರ್ಷ ಕೂತಳು ಅಕ್ಕ. ಮೊದಲು ಕಾಲು ಸೋತಿತು, ಆಮೇಲೆ ಮಾತು ಸೋತಿತು.

ಅಜ್ಜಿಗೆ ಇನ್ನೂ ಒಂದು ಕೆಲಸವಿತ್ತು. ದಿನಾ ಮಧ್ಯಾಹ್ನ ಎರಡಕ್ಕೆ ಚೂಟಿಯನ್ನು ಶಾಲೆಯಿಂದ ಕರೆತರುವುದು. ಹೋಗುವಾಗ ಗೋಡೆ ಹಿಡಿದು ನಡೆದು, ಬೇಕರಿಯ ಹಳದಿ ಶಟರು ಕಂಡಲ್ಲಿ ನಿಂತು, ಯಾರಾದರೂ ರಸ್ತೆ ದಾಟುವಾಗ ಅವರ ಪಕ್ಕದಲ್ಲೇ ದಾಟಿಬಿಡುವಳು. ಬರುವಾಗ ಅಷ್ಟು ಕಷ್ಟವಿರಲಿಲ್ಲ. ಚೂಟಿ ಒಂದು ರೈಲಾಟ ಕಟ್ಟಿದ್ದಳು. ಅವಳು ಎಂಜಿನ್, ಅಜ್ಜಿ ಡಬ್ಬಿ. "ಮೆಟ್ಟಿಲು ಬಂತು, ಡಬ್ಬಿ ನಿಧಾನ! ಗುಂಡಿ ಬಂತು, ಡಬ್ಬಿ ಬಲಕ್ಕೆ!" ಎಂದು ಕೂಗುತ್ತ ಎಳೆದುಕೊಂಡು ಬರುವಳು. ಯಾರು ಯಾರನ್ನು ಕರೆತರುತ್ತಿದ್ದಾರೆಂದು ಅಜ್ಜಿ ತನ್ನನ್ನು ತಾನು ಕೇಳಿಕೊಳ್ಳುತ್ತಿರಲಿಲ್ಲ. ಕೇಳಿಕೊಂಡರೆ ಆ ಕೆಲಸ ಬಿಡಬೇಕಾಗುತ್ತಿತ್ತು.

ಮೂರು ದಿನ ಬಿಟ್ಟು ಸೊಸೆ ಬಣ್ಣದ ಕಾರ್ಡು ತಂದು ಅಜ್ಜಿಯ ಮುಂದೆ ಹರಡಿದಳು.

"ನಿಮ್ಮ ರೂಮು, ನೀವೇ ಆರಿಸ್ಬೇಕು. ಇದು ಹಾಲಿನ ಕೆನೆ, ಇದು ಮರಳು, ಇದು ಬೂದಿ, ಇದು ಮೊಟ್ಟೆ ಚಿಪ್ಪು. ಗೋಡೆಗೆ ಯಾವ್ದು?"

ಅಜ್ಜಿಗೆ ಕಂಡದ್ದು ಒಂದೇ ಒಂದು ಪೇಲವ ಹಾಳೆ. ಎಲ್ಲೋ ಒಂದು ಕಡೆ ಬೆರಳಿಟ್ಟಳು. "ಇದು."

"ಕೆನೆ! ಸರಿ, ಬಾಗಿಲಿಗೆ?"

ಬೆರಳು ಸರಿಸಿದರೆ ಎಲ್ಲಿ ಬೀಳುತ್ತದೋ, ಕಾರ್ಡು ದಾಟಿ ಮೇಜಿನ ಮೇಲೇ ಬೀಳುತ್ತದೋ. "ಇದೇ ಇರ್ಲಿ."

"ಪರದೆಗೆ?"

"ಅದಕ್ಕೂ ಇದೇ."

"ಬೀರುಗೆ? ಹೊದಿಕೆಗೆ?"

"ಎಲ್ಲಕ್ಕೂ ಒಂದೇ ಇರ್ಲಿ ಬಿಡಮ್ಮ."

ಸೊಸೆ ಕಾರ್ಡನ್ನು ಫಟ್ಟನೆ ಮಡಚಿದಳು. ಸಿಕ್ಕಿಬಿದ್ದೆ ಎಂದುಕೊಂಡಳು ಅಜ್ಜಿ. ಆಗ ಸೊಸೆ ಒಳಕ್ಕೆ ಕೂಗಿದಳು. "ರೀ, ಕೇಳಿಸ್ತಾ? ನಾನು ಏಳು ವರ್ಷ ನಿಂತು ಕಲ್ತಿದ್ದನ್ನ ನಿಮ್ಮಮ್ಮ ಒಂದು ಬೆರಳಲ್ಲಿ ಹೇಳ್ಬಿಟ್ರು! ನಾನು ಬಾಗಿಲಿಗೆ ಮರಳು ಬಣ್ಣ ಅಂತಿದ್ದೆ. ಎಲ್ಲಾ ಕೆನೆ ಅಂದ್ರೆ ಇನ್ನೂ ಲಕ್ಷಣ!" ಹಾಗೆಂದವಳೇ ಬಗ್ಗಿ ಅಜ್ಜಿಯನ್ನು ಅಪ್ಪಿಕೊಂಡಳು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಸೊಸೆ ಅವಳನ್ನು ಅಪ್ಪಿಕೊಂಡದ್ದು ಅದೇ ಮೊದಲು. ಬಾಯಿಗೆ ಬಂದಿದ್ದ ನಿಜವನ್ನು ಅಜ್ಜಿ ಉಗುಳಿನ ಜೊತೆ ನುಂಗಿಕೊಂಡಳು.

ಮುಂದಿನ ಎರಡು ವಾರ ಅಜ್ಜಿಯ ಹಾಸಿಗೆ ಹಜಾರದಲ್ಲಿತ್ತು. ಮನೆ ತುಂಬ ಪೇಂಟಿನ ವಾಸನೆ. ಪೇಂಟರ್ ಬಾಗಿಲಿಗೆ ಬ್ರಷ್ ಇಡುವ ಮುಂಚೆ ಒಮ್ಮೆ ಅನುಮಾನಪಟ್ಟ.

"ಬಾಗಿಲಿಗೂ ಇದೇನಾ? ಗೋಡೆ ಯಾವ್ದು ಬಾಗಿಲು ಯಾವ್ದು ಗೊತ್ತಾಗಲ್ಲ, ನೋಡಿ."

"ಗೊತ್ತಾಗ್ಬಾರ್ದು, ಅದೇ ಚೆಂದ," ಎಂದಳು ಸೊಸೆ. "ನಮ್ಮತ್ತೇನೇ ಆರಿಸಿದ್ದು."

"ಅಜ್ಜಿ ಕಣ್ಣು ಭಾರೀ ಸೂಕ್ಷ್ಮ ಬಿಡಿ," ಎಂದ ಪೇಂಟರ್. ಅಜ್ಜಿ ಕೇಳಿಸದವಳಂತೆ ಕಾಳು ಆರಿಸುತ್ತ ಕೂತಳು. ಆರಿಸುವುದೂ ಈಗ ಬೆರಳಿನಿಂದಲೇ.

ಬಾಗಿಲಿನ ಹಿತ್ತಾಳೆ ಹಿಡಿ ಹೋಗಿ, ಬೆರಳು ತೂರಿಸುವ ಸಣ್ಣ ಸೀಳು ಬಂತು. ಒಂದಿಡೀ ಗೋಡೆಯಷ್ಟು ಬೀರು ಬಂತು, ಅದರ ಬಾಗಿಲುಗಳಿಗೂ ಅಂಥದೇ ಸೀಳು. ಎದುರು ಗೋಡೆಗೆ ಮೂಲೆಯಿಂದ ಮೂಲೆಗೆ ಪರದೆ. ಗೋಡೆಗೆ ಒತ್ತಿಕೊಂಡಿದ್ದ ಮಂಚ ಕೋಣೆಯ ಮಧ್ಯಕ್ಕೆ ಬಂತು. ಕೆಂಪು ಹೊದಿಕೆ ಕಟ್ಟಿ ಅಟ್ಟಕ್ಕೆ ಹಾಕಿದರು.

ಗೃಹಪ್ರವೇಶದಂಥ ಸಂಭ್ರಮದಲ್ಲಿ ಸೊಸೆ ಅಜ್ಜಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. "ಹೇಗಿದೆ?"

ಬೆಳ್ಳಗೆ, ಎತ್ತ ನೋಡಿದರೂ ಬೆಳ್ಳಗೆ. ಪಾತ್ರೆಯ ಹಾಲಿನಲ್ಲಿ ಬಿದ್ದ ನೊಣಕ್ಕೆ ಹೀಗೇ ಕಾಣುತ್ತಿರಬೇಕು. "ಚೆನ್ನಾಗಿದೆ," ಎಂದಳು ಅಜ್ಜಿ. ಧ್ವನಿ ಸಣ್ಣಗೆ ನಡುಗಿತು. ಸಂತೋಷಕ್ಕೆ ಎಂದುಕೊಂಡಳು ಸೊಸೆ.

ಅಜ್ಜಿ ಹೆಜ್ಜೆ ಎಣಿಸಿಟ್ಟುಕೊಂಡಳು. ಮಂಚದ ಕಾಲ್ಬದಿಯ ಮೂಲೆಯಿಂದ ನೇರಕ್ಕೆ ಏಳು ಹೆಜ್ಜೆ, ಬಾಗಿಲು. ಇಷ್ಟು ಸಾಲದೆಂದು ತನ್ನ ಹಳೆಯ ಗುಂಡಿ ಡಬ್ಬಿಯಿಂದ ಒಂದು ದೊಡ್ಡ ಕೆಂಪು ಗುಂಡಿ ತೆಗೆದು ಬಾಗಿಲಿನ ಸೀಳಿನ ಪಕ್ಕ ಅಂಟಿಸಿದಳು. ಬಿಳಿಯ ನಡುವೆ ಆ ಒಂದು ಚುಕ್ಕೆ ಕಂಡಾಗ ಉಸಿರು ಹಗುರಾಯಿತು. ಎರಡು ದಿನಕ್ಕೆ ಸೊಸೆ ಅದನ್ನು ನೋಡಿದಳು.

"ಚೂಟಿ! ಬಾ ಇಲ್ಲಿ. ಅಜ್ಜಿ ಡಬ್ಬಿಗೆ ಕೈ ಹಾಕ್ಬೇಡ ಅಂದಿಲ್ವಾ? ಹೊಸ ಬಾಗಿಲು ಕಣೇ ಇದು!"

"ನಾನಲ್ಲಮ್ಮ."

"ಸುಳ್ಳು ಬೇರೆ ಕಲ್ತಿದ್ದೀಯಾ?"

ಚೂಟಿ ಅಜ್ಜಿಯ ಕಡೆ ತಿರುಗಿದ್ದು ಅಜ್ಜಿಗೆ ತಿಳಿಯಿತು. ಅಜ್ಜಿ ಬಾಯಿ ಬಿಡಲಿಲ್ಲ. ಚೂಟಿ ಅಂದು ಸಂಜೆ ಹಾಲು ಕುಡಿಯಲಿಲ್ಲ, ಅಜ್ಜಿಗೆ ಊಟ ಸೇರಲಿಲ್ಲ. ತನ್ನ ಮೇಲೆ ತನಗೇ ಅಸಹ್ಯವಾಯಿತು. ಸೊಸೆ ಗುಂಡಿ ಕಿತ್ತು, ಕಲೆಯ ಮೇಲೆ ಮತ್ತೊಂದು ಕೈ ಕೆನೆಬಣ್ಣ ಹೊಡೆದಳು.

ಅದೇ ವಾರ ಒಂದು ಮಧ್ಯಾಹ್ನ ಅಜ್ಜಿ ಮಲಗೆದ್ದಾಗ ಗಾಳಿಗೆ ಬಾಗಿಲು ಮುಚ್ಚಿಕೊಂಡಿತ್ತು. ಮಂಚದ ಯಾವ ಬದಿಯಿಂದ ಇಳಿದಳೋ ತಿಳಿಯಲಿಲ್ಲ. ಏಳು ಹೆಜ್ಜೆ ನಡೆದಳು, ಪರದೆ ಸಿಕ್ಕಿತು. ತಿರುಗಿ ನಡೆದಳು, ಬೀರು. ಒಂದು ಬಾಗಿಲು ತೆರೆದಳು, ಒಗೆದ ಬಟ್ಟೆಯ ವಾಸನೆ. ಇನ್ನೊಂದು ತೆರೆದಳು, ಅದೂ ಬಟ್ಟೆ. ಹಜಾರದ ಗಡಿಯಾರ ಎರಡು ಹೊಡೆಯಿತು. ಮನೆಯಲ್ಲಿ ಯಾರೂ ಇಲ್ಲ. ಶಾಲೆಯ ಗೇಟಿನಲ್ಲಿ ಮಗು ನಿಂತಿರುತ್ತದೆ. "ಯಾರಾದ್ರೂ ಇದ್ದೀರಾ?" ಎಂದು ತನ್ನದೇ ಕೋಣೆಯಲ್ಲಿ ನಿಂತು ಕೂಗಿದಳು. ಬೆವರು ಕಿತ್ತುಕೊಂಡು ಬಂತು. ಕಡೆಗೆ ಗೋಡೆಗೆ ಎರಡೂ ಅಂಗೈ ಹಚ್ಚಿ, ಅಂಗಿಯ ಪಟ್ಟಿಯ ಮೇಲೆ ಕಾಜಾ ಹುಡುಕುವಂತೆ ಮೆಲ್ಲಗೆ ಸವರುತ್ತ ಬಂದಳು. ಬೆರಳಿಗೆ ಒಂದು ಸೀಳು ಸಿಕ್ಕಿತು. ಉಗುರು ತೂರಿಸಿ ಎಳೆದಳು. ಹಜಾರದ ಕತ್ತಲು ಕಂಡಾಗ ಅಳು ಬಂತು.

ಶಾಲೆ ಮುಟ್ಟುವಾಗ ಮುಕ್ಕಾಲು ಗಂಟೆ ತಡ. ಚೂಟಿ ಕಾವಲುಗಾರನ ಸ್ಟೂಲಿನ ಮೇಲೆ ಚೀಲ ಅಪ್ಪಿಕೊಂಡು ಕೂತಿದ್ದಳು.

"ಯಾಕಜ್ಜಿ ಲೇಟು?"

"ನಿದ್ದೆ ಬಂದ್ಬಿಡ್ತು ಕಣೇ."

ಚೂಟಿ ಚೀಲ ಹೆಗಲಿಗೇರಿಸಿ, ಕೈ ಹಿಡಿದುಕೊಂಡಳು. "ಆಯ್ತು, ಬಾ. ಮೆಟ್ಟಿಲು ಬಂತು, ಡಬ್ಬಿ ನಿಧಾನ."

ಶನಿವಾರ ಫೋಟೋದ ದಿನ ಬಂತು. ಸೊಸೆ ನಸುಕಿನಿಂದಲೇ ಹೊದಿಕೆಗೆ ಇಸ್ತ್ರಿ ಹಾಕಿದಳು, ದಿಂಬು ಬಡಿದು ಬಡಿದು ಇಟ್ಟಳು. ಲಿಫ್ಟ್ ಕೆಲಸಕ್ಕೆ ರಜಾ ಹಾಕಿ ಮಗ ಚಹಾ ಮಾಡಲು ನಿಂತ. ಅಂಗಡಿಯ ಮಾಲೀಕರು ಫೋಟೋಗ್ರಾಫರನ ಜೊತೆ ಬಂದವರು ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟರು.

"ಏನ್ರೀ ಇದು! ಹೋಟೆಲು ಸೋತ್ಹೋಗ್ಬೇಕು."

"ಬಣ್ಣ ಆರಿಸಿದ್ದು ಇವರೇ, ನಮ್ಮತ್ತೆ," ಎಂದಳು ಸೊಸೆ. ಒಳಗೆ ಕುರ್ಚಿಯಲ್ಲಿ ಕೂತಿದ್ದ ಅಜ್ಜಿ ಧ್ವನಿ ಬಂದ ಕಡೆ ನಕ್ಕಳು. ಫೋಟೋಗ್ರಾಫರ್ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡಿದ, ಮಂಚವನ್ನು ಮೂರಡಿ ಬೀರುವಿನ ಕಡೆಗೆ ಓರೆಯಾಗಿ ಎಳೆಸಿದ, ಮತ್ತೆ ನೋಡಿದ.

"ಅಜ್ಜಿ, ನಿಮ್ಮ ನೀಲಿ ಶಾಲು ಮಧ್ಯೆ ಹೊಡೀತಾ ಇದೆ. ಒಂದೈದು ನಿಮಿಷ ಹೊರಗಿರ್ತೀರಾ?"

"ಅದಕ್ಕೇನಪ್ಪ," ಎಂದು ಅಜ್ಜಿ ಎದ್ದಳು. ಕೈಯಾಡಿಸಿ ಮಂಚದ ಮೂಲೆ ಮುಟ್ಟಿದಳು. ಬೆನ್ನು ನೆಟ್ಟಗೆ ಮಾಡಿ, ಕಣ್ಣಿರುವವರು ನಡೆಯುವ ಹಾಗೆ ನಡೆದಳು. ಒಂದು, ಎರಡು, ಮೂರು... ಏಳು. ಸೀಳಿಗೆ ಬೆರಳು ತೂರಿಸಿ ತೆರೆದಳು, ಕಾಲೆತ್ತಿ ಒಳಗಿಟ್ಟಳು. ಹಣೆಗೆ ಕಬ್ಬಿಣದ ಕಂಬಿ ಬಡಿಯಿತು. ಹ್ಯಾಂಗರುಗಳೆಲ್ಲ ಗಲಗಲ ಎಂದವು.

ಫೋಟೋಗ್ರಾಫರ್ ಹೋ ಎಂದು ನಕ್ಕ. ಅಜ್ಜಿ ಬೀರುವಿನೊಳಗೆ ಮುಖ ಮಾಡಿಕೊಂಡು ಹಾಗೇ ನಿಂತಿದ್ದಳು. ಈಗ ಯಾವ ಕಡೆ ತಿರುಗಬೇಕೆಂದು ಅವಳಿಗೆ ತಿಳಿಯಲಿಲ್ಲ.

"ಅಜ್ಜೀ, ಅದು ಬೀರು!" ಹೊಸ್ತಿಲಿನಿಂದ ಚೂಟಿ ಓಡಿಬಂದಳು. "ಎಂಜಿನ್ ಬಿಟ್ಟು ಡಬ್ಬಿ ಹೋಗ್ಬಾರ್ದು ಅಂತ ಎಷ್ಟ್ ಸಲ ಹೇಳಿದ್ದೀನಿ? ಬಾ, ಬಾಗಿಲು ಈ ಕಡೆ. ಡಬ್ಬಿ ಎಡಕ್ಕೆ."

ಯಾರೂ ನಗಲಿಲ್ಲ. ಮಗ ಚಹಾದ ತಟ್ಟೆ ಕೆಳಗಿಟ್ಟ. ಮಗು ಅಜ್ಜಿಯನ್ನು ಕೈಹಿಡಿದು ಹಜಾರಕ್ಕೆ ಕರೆದುಕೊಂಡು ಬಂದು ಕೂರಿಸಿತು.

ಫೋಟೋ ತೆಗೆದು ಮುಗಿಯುವವರೆಗೆ ಸೊಸೆ ನಗುಮುಖದಲ್ಲೇ ಇದ್ದಳು. ಅವರು ಮೆಟ್ಟಿಲಿಳಿದು ಹೋದ ಮೇಲೆ ಬಾಗಿಲು ಹಾಕಿ ಬಂದು ಅಜ್ಜಿಯ ಮುಂದೆ ನಿಂತಳು.

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು."

"ಎರಡು ವರ್ಷ! ಕಣ್ಣು ಕಾಣ್ದೇ ನನ್ನ ಮಗೂನ ರಸ್ತೆ ದಾಟಿಸಿದ್ರಾ?"

"ನಾನಲ್ಲ ಕಣಮ್ಮ. ಅವಳೇ ನನ್ನ ದಾಟಿಸ್ತಿದ್ದದ್ದು."

ಹೇಳಿದ ಮೇಲೆ ಅಜ್ಜಿಗೇ ಆ ಮಾತು ಎಷ್ಟು ಘೋರವೆಂದು ತಿಳಿಯಿತು. ಸೊಸೆ ಕೂಗಲಿಲ್ಲ. ನೆಲಕ್ಕೆ ಕುಸಿದು ಕೂತು, ಚೂಟಿಯನ್ನು ಎಳೆದು ಮಡಿಲಿಗೆ ಹಾಕಿಕೊಂಡಳು.

"ನನ್ನ ಮಗೂಗೆ ಏನಾದ್ರೂ ಆಗಿದ್ರೆ, ಅತ್ತೆ? ಏನಾದ್ರೂ ಆಗಿದ್ರೆ?"

ಸೊಸೆ ಮಗುವಿನ ಕೈಕಾಲು ಸವರಿ ನೋಡಿದಳು.

"ಕಾರ್ಡು ತೋರಿಸ್ದಾಗಾದ್ರೂ ಹೇಳ್ಬಹುದಿತ್ತಲ್ಲ! ನೀವೇ ಬೆರಳಿಟ್ಟು ಆರಿಸಿದ್ರಿ!"

"ಎಲ್ಲಾ ಒಂದೇ ಥರ ಕಂಡ್ವು. ಹೇಳ್ಬೇಕು ಅಂತಿದ್ದೆ. ಅಷ್ಟರಲ್ಲಿ ನೀನು ಅಪ್ಪಿಕೊಂಡೆ."

ಸೊಸೆ ಮುಖ ಆಚೆ ತಿರುಗಿಸಿದಳು. ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದ ಮಗ ಬಂದು ತಾಯಿಯ ಪಕ್ಕ ಕೂತ.

"ನನ್ನ ಹತ್ರ ಮುಚ್ಚಿಡೋದೇನಿತ್ತಮ್ಮ?"

"ನಿಮ್ಮ ದೊಡ್ಡಮ್ಮ ನೆನಪಿದ್ದಾಳಾ? ಆ ಕುರ್ಚಿ?"

ಅವನಿಗೆ ನೆನಪಿತ್ತು. ತಾಯಿಯ ಕೈ ಹಿಡಿದುಕೊಂಡು, "ನಾವು ನಿನ್ನ ಹಾಗೆ ಕೂರಿಸ್ತೀವಾ?" ಎಂದ. ಮನಸ್ಸಿನಿಂದಲೇ ಹೇಳಿದ ಮಾತು.

"ಗುಂಡಿ ಅಂಟಿಸಿದ್ದೂ ನಾನೇ," ಎಂದಳು ಅಜ್ಜಿ, ಯಾರೂ ಕೇಳದಿದ್ದರೂ. "ಮಗು ಅಲ್ಲ."

"ನಾನು ಹೇಳಿರ್ಲಿಲ್ವಾ?" ಎಂದಳು ಚೂಟಿ ಅಮ್ಮನ ಮಡಿಲಿನಿಂದ.

ಸೋಮವಾರ ಕಣ್ಣಿನ ಡಾಕ್ಟರು ಅಜ್ಜಿಯ ಗದ್ದವನ್ನು ಯಂತ್ರದ ಮೇಲೆ ಇರಿಸಿ, ದೀಪ ಬಿಟ್ಟು, ಬಹಳ ಹೊತ್ತು ನೋಡಿದರು. ಕಣ್ಣಿನ ನರ ಒಣಗಿದೆ, ಹೋದದ್ದು ಹೋಯಿತು, ಉಳಿದಿರುವುದನ್ನು ಹನಿ ಹಾಕಿ ಕಾಪಾಡಿಕೊಳ್ಳಬೇಕು ಎಂದರು. ಎರಡು ವರ್ಷದ ಹಿಂದೆ ಬಂದಿದ್ದರೆ ಎಂದು ಶುರು ಮಾಡಿ, ಅಜ್ಜಿಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಚೂಟಿಗೆ ಶಾಲೆಯ ವ್ಯಾನು ಗೊತ್ತಾಯಿತು. ಸೊಸೆಗೆ ಸಲಹೆಯ ಕೆಲಸ ಸಿಕ್ಕಿತು. ಈಗ ಅವಳು ಗಿರಾಕಿಗಳ ಸೋಫಾದಲ್ಲಿ ಕೂತು ಮಾತಾಡುತ್ತಾಳೆ, ಕಾಲು ಊದುವುದಿಲ್ಲ. ಮನೆಗೆ ಬಂದರೆ ಬೈಯುವುದೂ ಇಲ್ಲ. ದಿನಕ್ಕೆ ಎರಡು ಸಲ ತಾನೇ ಅಜ್ಜಿಯ ರೆಪ್ಪೆ ಬಿಡಿಸಿ ಹನಿ ಹಾಕುತ್ತಾಳೆ. ಅನ್ನವನ್ನು ನೀಲಿ ತಟ್ಟೆಯಲ್ಲೇ ಬಡಿಸುತ್ತಾಳೆ. ಅಜ್ಜಿ ತಟ್ಟೆ ತೊಳೆಯಲೆಂದು ಎದ್ದರೆ, "ನೀವು ಕೂತ್ಕೊಳ್ಳಿ ಅತ್ತೆ," ಎನ್ನುತ್ತಾಳೆ. ಕಾಳಿನ ಮೊರ ಎಳೆದುಕೊಂಡರೆ ಮಗ, "ಯಾಕಮ್ಮ ಅದೆಲ್ಲ, ಕೂತ್ಕೋ," ಎನ್ನುತ್ತಾನೆ. ಬಾಲ್ಕನಿಗೆ ಹೊರಟರೆ ಇಬ್ಬರೂ ಒಟ್ಟಿಗೆ ಅದನ್ನೇ ಎನ್ನುತ್ತಾರೆ. ಯಾರೂ ಕೆಟ್ಟವರಲ್ಲ.

ಒಂದು ದಿನ ಸೊಸೆ ಮತ್ತೆ ಬಣ್ಣದ ಕಾರ್ಡು ತಂದಳು, ಈ ಸಲ ಗಾಢ ಬಣ್ಣಗಳದ್ದು.

"ಫೋಟೋ ಹೇಗೂ ಆಯ್ತು. ಬಾಗಿಲಿಗೆ ನಿಮಗೆ ಕಾಣೋ ಬಣ್ಣ ಹೊಡೆಸೋಣ. ಯಾವ್ದು ಹೇಳಿ?"

"ಕೆಂಪು," ಎಂದಳು ಅಜ್ಜಿ. ಬೆರಳು ಸರಿಯಾಗಿ ಕೆಂಪಿನ ಮೇಲೇ ಬಿತ್ತು.

ಪೇಂಟರ್ ಬಂದು ಒಂದೇ ಹಗಲಲ್ಲಿ ಬಾಗಿಲನ್ನು ಕೆಂಪು ಮಾಡಿಕೊಟ್ಟು ಹೋದ. ಹಿತ್ತಾಳೆ ಹಿಡಿ ಮತ್ತೆ ಬಂತು. ಕೆನೆಬಣ್ಣದ ಕುರ್ಚಿಯಲ್ಲಿ ಕೂತರೆ ಕೆನೆಬಣ್ಣದ ಗೋಡೆಯ ನಡುವೆ ಬಾಗಿಲು ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಅದರ ನಾಲ್ಕು ಮೂಲೆಯನ್ನೂ ಅಜ್ಜಿ ಎಣಿಸಬಲ್ಲವಳಾಗಿದ್ದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಅದನ್ನೇ ನೋಡುವಳು. ಅದರಾಚೆ ಅವಳಿಗೆ ಈಗ ಯಾವ ಕೆಲಸವೂ ಇರಲಿಲ್ಲ.

ಒಂದು ಮಧ್ಯಾಹ್ನ ಎರಡು ಹೊಡೆದಾಗ ಕಾಲು ಅಭ್ಯಾಸದಂತೆ ತಾನಾಗಿ ಎದ್ದಿತು. ನೀಲಿ ಶಾಲು ಹೊದ್ದು, ಎಣಿಸದೆ, ತಡವದೆ, ನೆಟ್ಟಗೆ ಕೆಂಪಿನವರೆಗೆ ನಡೆದು ಹಿಡಿಯ ಮೇಲೆ ಕೈಯಿಟ್ಟಳು. ಹಾಗೇ ಬಹಳ ಹೊತ್ತು ನಿಂತ ಮೇಲೆ ಕೆಳಗೆ ವ್ಯಾನಿನ ಹಾರನ್ ಕೇಳಿಸಿತು. ಮೆಟ್ಟಿಲ ಮೇಲೆ ದಡದಡ ಸದ್ದು. ಅಜ್ಜಿಯ ಮುಖ ಅರಳಿತು. ಬಾಗಿಲು ಆ ಕಡೆಯಿಂದ ತೆರೆದುಕೊಂಡಿತು.

"ಎಂಜಿನ್ ಬಂತಾ?" ಎಂದು ಅಜ್ಜಿ ಕೈ ಮುಂದೆ ಚಾಚಿದಳು.

ಚೂಟಿ ಕೈ ಹಿಡಿದುಕೊಂಡಳು. ಹಜಾರದ ಕಡೆ ಎಳೆಯಲಿಲ್ಲ. ಅಜ್ಜಿಯನ್ನು ತಿರುಗಿಸಿ, ಹುಷಾರಾಗಿ, ದೊಡ್ಡವರು ನಡೆಸುವ ಹಾಗೆ ಒಂದೊಂದೇ ಹೆಜ್ಜೆ ನಡೆಸಿ ಕುರ್ಚಿಯ ತನಕ ಕರೆದುಕೊಂಡು ಹೋದಳು.

"ನೀನ್ಯಾಕಜ್ಜಿ ಎದ್ದೆ?" ಎಂದಳು, ಅಮ್ಮನದೇ ಧ್ವನಿಯಲ್ಲಿ. "ಕೂತ್ಕೋ."

ಅಜ್ಜಿ ಕೂತಳು.